ಎರಡು ಮೊಳ ಜಾಗ

ನಮ್ಮ ಮನೆಯಲ್ಲಿ ಎರಡು ಪಕ್ಷ. ಗಂಡ ಸಿಟಿ ಬಸ್ಸಿನ ಡ್ರೈವರ್, ನಾನು ಸೈಕಲ್ ತುಳಿಯುವವಳು. ಹದಿನೇಳು ವರ್ಷದಿಂದ ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಆರೂವರೆಗೆ ಅಲ್ಲಿ ಮೊದಲ ಮಷಿನ್ ತಿರುಗಬೇಕು, ಅಂದರೆ ಆರಕ್ಕೆ ನಾನು ರಸ್ತೆಯಲ್ಲಿರಬೇಕು. ಅವನೂ ಅದೇ ಹೊತ್ತಿಗೆ ಡಿಪೋದಿಂದ ಬಸ್ಸು ತೆಗೆದು ಅದೇ ರಸ್ತೆಗೆ ಬರುತ್ತಾನೆ. ಅವನು, ಇವನು ಅನ್ನುತ್ತಿದ್ದೇನೆ ಅಂತ ತಪ್ಪು ತಿಳಿಯಬೇಡಿ. ಎದುರಿಗೆ ಈಗಲೂ "ರೀ, ನೀವು" ಅನ್ನುವವಳೇ. ಇಲ್ಲಿ ಮಾತ್ರ ಬಹುವಚನ ಬಾಯಿಗೆ ಬರುತ್ತಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸಂಜೆ ಊಟಕ್ಕೆ ಕೂತರೆ ವಾದ ಶುರು. "ನಿಮ್ಮ ಸೊಳ್ಳೆಗಳು ಇವತ್ತೂ ಅಡ್ಡ ಬಂದ್ವು" ಅನ್ನುತ್ತಿದ್ದ. ಸೈಕಲ್‌ನವರಿಗೆಲ್ಲ ಅವನಿಟ್ಟ ಹೆಸರು ಸೊಳ್ಳೆ. "ಗುಂಯ್ ಅಂತ ಬಂದು ಬಸ್ಸಿನ ಪಕ್ಕಕ್ಕೇ ಅಂಟ್ಕೋತವೆ. ಲೈಸೆನ್ಸ್ ಬೇಡ, ತೆರಿಗೆ ಬೇಡ, ಸಿಗ್ನಲ್ ಅಂತೂ ಅವಕ್ಕಲ್ಲವೇ ಅಲ್ಲ."

"ಅಷ್ಟು ದೊಡ್ಡ ಗಾಡಿ ಇಟ್ಕೊಂಡು ಸೊಳ್ಳೆಗೆ ಹೆದರ್ತೀರಲ್ರೀ, ನಾಚ್ಕೆ ಆಗಲ್ವಾ" ಎಂದು ನಾನು.

ಅತ್ತೆ ಇಬ್ಬರ ಮಧ್ಯೆ ಪಾತ್ರೆ ತಂದಿಟ್ಟು, "ನಾನು ನಡ್ಕೊಂಡು ಹೋಗೋಳು. ನಿಮ್ಮಿಬ್ರಿಗೂ ಶಾಪ ಹಾಕೋ ಹಕ್ಕು ನಂಗಿದೆ. ಬಾಯಿ ಮುಚ್ಕೊಂಡು ಉಣ್ಣಿ" ಅನ್ನುತ್ತಿದ್ದರು. ಬಾಯಿ ಮುಚ್ಕೊಂಡು ಉಣ್ಣೋದು ಹೇಗೆ ಅಂತ ಅವನು ಕೇಳುತ್ತಿದ್ದ. ಮೂವರೂ ನಗುತ್ತಿದ್ದೆವು. ನಿಜವಾಗಿ ನಗುತ್ತಿದ್ದೆವು, ಅದನ್ನೂ ಹೇಳಿಬಿಡಬೇಕು.

ಒಂದು ವಿಷಯ ಮಾತ್ರ ನನಗೆ ತಮಾಷೆಯದಾಗಿರಲಿಲ್ಲ. ಧಾನ್ಯದ ಗೋದಾಮು ಸಿಗುವಲ್ಲಿ ರಸ್ತೆಯ ಅಂಚಿಗೆ, ಚರಂಡಿಯ ಮೇಲೆ, ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಸರಳುಗಳು ರಸ್ತೆಗೆ ಅಡ್ಡವಾಗಿರಬೇಕಿತ್ತು. ಹಾಕಿದ ಪುಣ್ಯಾತ್ಮರು ಉದ್ದಕ್ಕೆ ಹಾಕಿ ಹೋಗಿದ್ದಾರೆ. ಬಸ್ಸಿನ ಚಕ್ರಕ್ಕೆ ಅಲ್ಲೊಂದು ಜಾಲರಿ ಇದೆಯೆಂದೂ ತಿಳಿಯುವುದಿಲ್ಲ. ಸೈಕಲ್ಲಿನ ಚಕ್ರ ಮಾತ್ರ ಎರಡು ಸರಳಿನ ಸಂದಿಗೆ ಸರಿಯಾಗಿ ಇಳಿದು ಸಿಕ್ಕಿಕೊಳ್ಳುತ್ತದೆ, ಮೇಲೆ ಕೂತವರು ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾರೆ. ಅದಕ್ಕೇ ಆ ದಾರಿಯ ಸೈಕಲ್‌ನವರೆಲ್ಲ ಅಲ್ಲಿ ಎರಡು ಮೊಳದಷ್ಟು ನಡುರಸ್ತೆಯ ಕಡೆಗೆ ಸರಿದು ಮತ್ತೆ ಅಂಚಿಗೆ ಬರುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ. ಕೆಲವರು ಬಿದ್ದು ಕಲಿತರು, ಉಳಿದವರು ಬಿದ್ದವರನ್ನು ನೋಡಿ ಕಲಿತರು. ಹಿಂದಿನಿಂದ ಬರುವ ಡ್ರೈವರುಗಳಿಗೆ ಇದು ಗೊತ್ತಿಲ್ಲ. ಅವರ ಕಣ್ಣಿಗೆ ನಾವು ಬೇಕೆಂದೇ ಅಡ್ಡ ಬರುವ ಜನ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಾನು ಗಂಡನಿಗೆ ಹೇಳಿದೆ. ಒಂದು ಸಲವಲ್ಲ, ಹತ್ತು ಸಲ. ಊಟದ ತಟ್ಟೆಯಲ್ಲೇ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. "ಇದು ಗೋದಾಮು. ಇದು ಜಾಲರಿ. ಇಲ್ಲಿಗೆ ಬಂದಾಗ ನಾವು ಸರೀಲೇಬೇಕು. ಎರಡು ಮೊಳ ಜಾಗ ಬಿಡ್ರೀ, ನಿಮ್ಮ ಅಪ್ಪನ ಗಂಟು ಹೋಗಲ್ಲ."

"ಜಾಗ ಬಿಡ್ಬೇಕಂದ್ರೆ ಬ್ರೇಕ್ ಹಾಕ್ಬೇಕು. ಮೂವತ್ತು ಸೊಳ್ಳೆಗೆ ಮೂವತ್ತು ಸಲ ಬ್ರೇಕ್ ಹಾಕಿದ್ರೆ ಕೊನೇ ಸ್ಟಾಪಿಗೆ ನಾಳೆ ಹೋಗಿ ಸೇರ್ತೀನಿ" ಎಂದ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅಂದುಕೊಂಡೆ. ಆದರೆ ಮರುದಿನ ನಾನು ಜಾಲರಿಯ ಹತ್ತಿರ ಬಂದಾಗ ಹಿಂದೆ ಬಸ್ಸಿನ ಸದ್ದು ತಗ್ಗಿತು. ತಿರುಗಿ ನೋಡಿದರೆ ಅವನೇ. ನಾನು ಸರಿದು, ಜಾಲರಿ ದಾಟಿ, ಅಂಚಿಗೆ ಬರುವ ತನಕ ಮೆಲ್ಲಗೆ ಹಿಂದೆಯೇ ಬಂದ. ಆಮೇಲೆ ಮೆತ್ತಗೆ ಎರಡು ಸಲ ಹಾರನ್ ಒತ್ತಿ ಮುಂದೆ ಹೋದ. ಅಂದಿನಿಂದ ದಿನವೂ ಹಾಗೇ. ಲಾಂಡ್ರಿಯಲ್ಲಿ ಜೊತೆಯವರು "ನಿಂಗೇನಮ್ಮ, ಹಿಂದೆ ಬಸ್ಸೇ ಕಾವಲು" ಎಂದು ರೇಗಿಸುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ನನ್ನ ಮಾತು ಅವನ ತಲೆಗೆ ಇಳಿಯಿತು, ಇನ್ನು ಆ ರಸ್ತೆಯಲ್ಲಿ ಒಬ್ಬ ಡ್ರೈವರಾದರೂ ನಮ್ಮವರಿಗೆಲ್ಲ ಜಾಗ ಬಿಡುತ್ತಾನೆ ಅಂತ ನಂಬಿದ್ದೆ.

ಅವತ್ತು ನನಗೆ ವಾರದ ರಜೆ. ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಡಿಪೋದಿಂದ ಫೋನ್ ಬಂತು. ಜಾಲರಿಯ ಹತ್ತಿರ ಅವನ ಬಸ್ಸಿನ ಮೂಲೆ ಹುಡುಗಿಯೊಬ್ಬಳ ಸೈಕಲ್ಲಿಗೆ ತಾಗಿತ್ತು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸದವಳು, ಇಪ್ಪತ್ತಾರು ವರ್ಷ. ನಮ್ಮ ಆಸ್ಪತ್ರೆಗೇ ತಂದಿದ್ದರು, ಒಂದು ಗಂಟೆಯಲ್ಲಿ ಹೋಗಿಬಿಟ್ಟಳು. ಮರುದಿನ ಆ ವಾರ್ಡಿನ ಬಟ್ಟೆ ನಮ್ಮಲ್ಲಿಗೆ ಬಂತು. ರಕ್ತದ ಕಲೆಗೆ ಮೊದಲು ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ಕೂತುಬಿಡುತ್ತದೆ. ನಾಲ್ಕು ನೀರು ತೆಗೆದೆ. ಯಾರದೆಂದು ಜೊತೆಯವರಿಗೆಲ್ಲ ಗೊತ್ತಿತ್ತು, ಯಾರೂ ಹತ್ತಿರ ಬಂದು ಕೈ ಹಾಕಲಿಲ್ಲ.

ಮನೆಯಲ್ಲಿ ಅವನು ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾಲ್ಕನೆಯ ದಿನ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತ. "ಕಾಣಲೇ ಇಲ್ಲ ಕಣೇ. ಬಿಸಿಲು ಕಣ್ಣಿಗೆ ಹೊಡೀತಿತ್ತು. ನಿನ್ನಾಣೆಗೂ ಕಾಣಲಿಲ್ಲ." ನಾನು ತಲೆ ಸವರಿದೆ. ಆ ಹುಡುಗಿಗಾಗಿಯೂ ಕಣ್ಣೀರು ಹಾಕಿದೆ, ಇವನಿಗಾಗಿಯೂ ಹಾಕಿದೆ. ನನ್ನ ಮೇಲೆ ಆಣೆ ಇಟ್ಟವನನ್ನು ಇನ್ನೇನು ಕೇಳಲಿ?

ಇಲಾಖೆ ಅವನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆ ಇಟ್ಟಿತು. ಪೊಲೀಸಿನವರೂ ಅದರ ತೀರ್ಪಿಗೇ ಕಾಯುತ್ತಿದ್ದರು. ಹುಡುಗಿಯ ಕಡೆಯಿಂದ ಬಂದವರು ಅವಳ ತಾಯಿ ಒಬ್ಬರೇ. ಆಕೆ ಬೀದಿ ಬೀದಿ ತಿರುಗಿ ಐದು ಜನ ಸೈಕಲ್‌ನವರನ್ನು ಹುಡುಕಿ ಕರೆತಂದರು. ಐವರದ್ದೂ ಒಂದೇ ಮಾತು: ಅಲ್ಲಿ ಎಲ್ಲರೂ ಸರಿಯುತ್ತಾರೆ, ಅವಳು ಬೇಕೆಂದು ಅಡ್ಡ ಬಂದದ್ದಲ್ಲ. ಆಮೇಲೆ ಉಳಿದದ್ದು ಒಂದೇ ಪ್ರಶ್ನೆ. ಅಲ್ಲಿ ಸೈಕಲ್‌ಗಳು ಸರಿಯುತ್ತವೆ ಅಂತ ಡ್ರೈವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ? ಗೊತ್ತಿರಲಿಲ್ಲವಾದರೆ ಅದು ಅಪಘಾತ. ಗೊತ್ತಿತ್ತು ಅಂತಾದರೆ ಕೆಲಸ ಹೋಗುತ್ತದೆ, ಹಿಂದೆಯೇ ಜೈಲು.

ಆ ತಾಯಿ ವಿಚಾರಣೆಯ ಅಧಿಕಾರಿಗೆ ಹೇಳಿದರಂತೆ: "ಅವರ ಹೆಂಡ್ತಿನೂ ಅದೇ ದಾರೀಲಿ ಸೈಕಲ್ಲಲ್ಲಿ ಹೋಗ್ತಾರಂತೆ. ಅವರನ್ನ ಕರೆಸಿ ಕೇಳಿ. ಅವರು ಏನ್ ಹೇಳಿದ್ರೂ ನಂಗೆ ಒಪ್ಪಿಗೆ."

ನಾನು ಸಾಕ್ಷಿ ಹೇಳಬೇಕಾದ ಹಿಂದಿನ ದಿನ ಡ್ರೈವರುಗಳ ಸಂಘದ ಮುಖಂಡ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, "ಅಕ್ಕಾ, ಜಾಸ್ತಿ ಏನೂ ಬೇಡ. ಇಲ್ಲ ಅನ್ನಿ. ಎರಡೇ ಅಕ್ಷರ" ಎಂದ. ಗಂಡ ನೆಲ ನೋಡುತ್ತಿದ್ದ. ಮುಖಂಡ ಹೋದ ಮೇಲೆ ಅತ್ತೆಯನ್ನು ಕೇಳಿದೆ, "ನೀವೇನಂತೀರಿ ಅತ್ತೆ?"

"ನನ್ನ ಕೇಳ್ಬೇಡಮ್ಮ. ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ನನ್ನ ಮಾತು ತೂಕಕ್ಕೆ ಬರಲ್ಲ" ಎಂದು ಅಡಿಗೆಮನೆಗೆ ಹೋದರು.

ನಾನು ನನ್ನೊಳಗೇ ವಕೀಲಿಕೆ ಮಾಡಿದೆ. ಜಾಲರಿಯ ವಿಷಯ ಅವನಿಗೆ ಗೊತ್ತಿತ್ತು, ಹೌದು. ಆದರೆ ಹುಡುಗಿ ಕಾಣಲೇ ಇಲ್ಲವಲ್ಲ. ಕಾಣದವನಿಗೆ ಎಷ್ಟು ಗೊತ್ತಿದ್ದರೇನು? ನಾನು ನಿಜ ಹೇಳಿದರೆ, ಗೊತ್ತಿದ್ದೂ ಗುದ್ದಿದ ಅಂತ ಬರೆದುಕೊಳ್ಳುತ್ತಾರೆ, ಅದು ಸುಳ್ಳಾಗುತ್ತದೆ. ಅಂದಮೇಲೆ ನನ್ನ ಸುಳ್ಳೇ ನಿಜಕ್ಕೆ ಹತ್ತಿರ. ಹೀಗೆಲ್ಲ ಸುತ್ತಿ ಸುತ್ತಿ ಬೆಳಗು ಮಾಡಿದೆ. ಮನುಷ್ಯರಿಗೆ ಬೇಕಾದಾಗ ಎಷ್ಟು ಬುದ್ಧಿ ಓಡುತ್ತದೆ ನೋಡಿ.

ವಿಚಾರಣೆ ಡಿಪೋದ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಒಂದು ಕಾಲಿಗೆ ಕಾಗದ ಮಡಚಿ ಕೊಟ್ಟಿದ್ದರು. ಕೆಳಗೆ ಬಸ್ಸುಗಳು ಹಿಂದೆ ಮುಂದೆ ಮಾಡುವ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಆ ತಾಯಿ ನನ್ನ ಎದುರಿಗೇ, ಬಟ್ಟೆಯ ಚೀಲ ಮಡಿಲಲ್ಲಿಟ್ಟು ಕೂತಿದ್ದರು. ನಾನು ಬಂದಾಗ ಸ್ವಲ್ಪ ಎದ್ದ ಹಾಗೆ ಮಾಡಿದರು, ಮನೆಗೆ ಬಂದ ನೆಂಟರಿಗೆ ಏಳುವ ಹಾಗೆ.

ಅಧಿಕಾರಿ ಕೇಳಿದರು, "ಈ ಜಾಲರಿ ವಿಷಯ ನಿಮ್ಮ ಯಜಮಾನರಿಗೆ ಯಾವತ್ತಾದ್ರೂ ಹೇಳಿದ್ರಾ?"

"ಇಲ್ಲ."

"ಒಂದು ಸಲಾನೂ?"

"ಮನೇಲಿ ರಸ್ತೆ ಮಾತು ಆಡಲ್ಲ ಸಾರ್. ಇಬ್ರೂ ದಣಿದು ಬಂದಿರ್ತೀವಿ."

ಈ ಎರಡನೆಯ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನದೇ ನಾಲಿಗೆ, ಎಷ್ಟು ಸಲೀಸಾಗಿ ಹೊರಳಿತು. ಗುಮಾಸ್ತ ಬರೆದುಕೊಂಡ, ನಾನು ಸಹಿ ಹಾಕಿದೆ.

ಇಳಿದು ಬಂದರೆ ಮೆಟ್ಟಿಲ ಕೆಳಗೆ ಆ ತಾಯಿ ನಿಂತಿದ್ದರು. ಈಗ ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ಬೈಯಲಿ, ನನಗೆ ಅದೇ ಆಗಬೇಕು ಅಂದುಕೊಂಡೆ. ಅವರು ಹತ್ತಿರ ಬಂದು, "ಇರ್ಲಿ ಬಿಡಮ್ಮ. ನಿಂಗೆ ಗೊತ್ತಿದ್ದು ಹೇಳ್ದೆ" ಎಂದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ನೀನೂ ದಿನಾ ಅಲ್ಲೇ ಹೋಗೋದಲ್ವಾ? ಹುಷಾರಾಗಿ ಹೋಗು ತಾಯಿ." ಶಾಪ ಹಾಕಿದ್ದರೆ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ. ಇದನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಮೂರು ವಾರಕ್ಕೆ ಆದೇಶ ಬಂತು. ಡ್ರೈವರನ ತಪ್ಪಿಲ್ಲ, ಸೋಮವಾರದಿಂದ ಕೆಲಸಕ್ಕೆ ಬರಬಹುದು.

ಭಾನುವಾರ ಮಧ್ಯಾಹ್ನ ಅವನು ಹಜಾರದಲ್ಲಿ ಕೂತು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಮುಖಕ್ಕೆ ಕಳೆ ಬಂದಿತ್ತು. ನಾನು ಹೊಸ್ತಿಲ ಹತ್ತಿರ ಕೂತು, "ಸೈಕಲ್ ಮಾರಿಬಿಡ್ತೀನ್ರೀ. ಆ ಜಾಲರಿ ದಾಟೋಕೆ ಭಯ" ಎಂದೆ.

ಎರಡು ತಿಂಗಳ ಮೇಲೆ ಮೊದಲ ಸಲ ನಕ್ಕ. "ನಿಂಗ್ಯಾಕೆ ಭಯ? ಅರ್ಧ ಮೈಲಿಯಿಂದ ನಿನ್ನ ಬೆನ್ನು ಗುರುತು ಹಿಡೀತೀನಿ ನಾನು. ನೀನಾಗಿದ್ರೆ ಅವತ್ತೂ ನಿಧಾನ ಮಾಡ್ತಿದ್ದೆ."



"ಕಾಣಲೇ ಇಲ್ಲ ಅಂದಿದ್ರಿ."

ಇಸ್ತ್ರಿಪೆಟ್ಟಿಗೆ ನಿಂತಿತು. ಅವನು ಅದನ್ನು ಎತ್ತಿ ಪಕ್ಕಕ್ಕಿಟ್ಟ. "ಕಂಡ್ಳು" ಎಂದ. "ಹಾರನ್ ಹೊಡ್ದೆ. ಅಂಚಲ್ಲೇ ಹೋಗ್ತಾಳೆ ಅಂದ್ಕೊಂಡೆ."

"ಅಂಚಲ್ಲಿ ಜಾಲರಿ ಇದೆಯಲ್ರೀ. ಹೇಗೆ ಹೋಗ್ತಾಳೆ? ನಾನು ಹೇಳಿದ್ನಲ್ಲ?"

"ಕಂಡೋರಿಗೆಲ್ಲ ಬ್ರೇಕ್ ಹಾಕ್ತಾ ಕೂತ್ರೆ ಬಸ್ ಓಡ್ಸೋಕ್ಕಾಗುತ್ತಾ? ಅವತ್ತು ನಿಂಗೆ ರಜೆ. ಅದು ನೀನಲ್ಲ ಅಂತ ನಂಗೆ ಗೊತ್ತಿತ್ತು ಕಣೇ."

ಸಮಾಧಾನ ಮಾಡುವ ದನಿಯಲ್ಲೇ ಹೇಳಿದ. ನನ್ನ ಮೇಲೆ ಅವನಿಗೆ ಪ್ರೀತಿ ಇದೆ, ಅದರಲ್ಲಿ ಸುಳ್ಳಿಲ್ಲ. ಅದನ್ನೇ ನನಗೆ ತಿಳಿಸಿ ಹೇಳುತ್ತಿದ್ದ. ಅಡಿಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ಎಲ್ಲ ಕೇಳಿಸಿಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಲ್ಲಿ ಬಿಟ್ಟುಕೊಂಡರು. ಅವನು ಅಂಗಿ ಮಡಚಿ, ಕಾಲರ್ ಸರಿಮಾಡಿ, ಕುರ್ಚಿಯ ಬೆನ್ನಿಗೆ ಹಾಕಿದ.

ಆಮೇಲೆ ಆ ತಾಯಿಯ ಮನೆಯ ತನಕ ಎರಡು ಸಲ ಹೋದೆ. ಎರಡು ಸಲವೂ ಒಳಗೆ ಆಕೆ ಓಡಾಡುವ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಲಿಲ್ಲ. ನಿಜ ಹೇಳಿಬಿಡ್ತೀನಿ ಅಂತ ಸಂಘದ ಮುಖಂಡನಿಗೆ ಹೇಳಿದ್ದಕ್ಕೆ, "ಈಗ ಬಾಯಿ ಬಿಟ್ರೆ ಮೊದಲು ಒಳಗೆ ಹೋಗೋದು ನೀವು ಅಕ್ಕಾ, ಸುಳ್ಳು ಸಾಕ್ಷಿಗೆ" ಎಂದ. ಹೆದರಿದೆ. ಹೆದರಿದೆ ಅಂತಲೇ ಹೇಳುತ್ತೇನೆ, ಇನ್ನೊಂದು ವಕೀಲಿಕೆ ಬೇಡ. ಊಟಕ್ಕೆ ಈಗ ಮೂವರೂ ಬೇರೆ ಬೇರೆ ಹೊತ್ತಿಗೆ ಕೂರುತ್ತೇವೆ.

ಸೈಕಲ್ ಮಾರಲಿಲ್ಲ, ಆರೂವರೆಗೆ ಲಾಂಡ್ರಿ ಸೇರಲು ಬೇರೆ ದಾರಿಯಿಲ್ಲ. ಅವನು ಈಗಲೂ ನನ್ನ ಹಿಂದೆ ನಿಧಾನ ಮಾಡುತ್ತಾನೆ. ನಾನು ತಿರುಗಿ ನೋಡುವುದಿಲ್ಲ.

ನಿನ್ನೆ ಅವನಿಗೆ ಬೇರೆ ಪಾಳಿ. ಗೋದಾಮಿನ ಹತ್ತಿರ ಬರುವಾಗ ಹಿಂದೆ ಬಸ್ಸಿನ ಸದ್ದು, ಗುರುತಿಲ್ಲದ ಹಾರನ್, ಉದ್ದಕ್ಕೆ ಎಳೆದ ಹಾರನ್. ಸದ್ದು ತಗ್ಗಲಿಲ್ಲ. ಆ ಡ್ರೈವರಿಗೂ ಮನೆಯಲ್ಲಿ ಒಬ್ಬಳು ಇರಬಹುದು, ಅವಳು ಬೇರೆ ಯಾವುದೋ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿರಬಹುದು, ಅವಳಿಗೆ ಅವನು ಜಾಗ ಬಿಡುತ್ತಿರಬಹುದು. ನಾನು ಅವಳಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಾನು ಇಳಿದು, ಸೈಕಲ್ಲನ್ನು ಫುಟ್‌ಪಾತಿನ ಮೇಲೆ ಎತ್ತಿಟ್ಟು, ಗೋದಾಮಿನ ಗೋಡೆಗೆ ಬೆನ್ನು ಒತ್ತಿ ನಿಂತೆ. ಬಸ್ಸು ಜಾಲರಿಯ ಮೇಲೆಯೇ ಹಾದು ಹೋಯಿತು. ದಾರಿ ಬಿಟ್ಟದ್ದಕ್ಕೆ ಡ್ರೈವರ್ ಕಿಟಕಿಯಿಂದ ಕೈ ಎತ್ತಿ ಥ್ಯಾಂಕ್ಸ್ ಹೇಳಿದ.