ತೊಳೆದು ಬಂದ ಡಬ್ಬಿ

ಊಟದ ಡಬ್ಬಿಗೆ ಸೋಪು ಹಚ್ಚಹೊರಟವಳ ಕೈ ಅಲ್ಲೇ ನಿಂತಿತು. ಒಳಗೆ ಒಂದು ಅಗುಳಿಲ್ಲ, ಜಿಡ್ಡಿಲ್ಲ. ಇವತ್ತೂ ಯಾರೋ ತೊಳೆದೇ ಕಳಿಸಿದ್ದರು.

"ಕುಡಿದ ಲೋಟ ಎತ್ತಿಡದ ಗಂಡಸು ಡಬ್ಬಿ ತೊಳೀತಾನಾ?" ಪಕ್ಕದಲ್ಲಿ ಬಟ್ಟೆ ಜಾಲಿಸುತ್ತಿದ್ದ ನೆರೆಮನೆಯ ಟೈಲರಕ್ಕ ನಕ್ಕಳು. "ಮೇಲೆ ಕಪ್ಪು ಕನ್ನಡಕ ಬೇರೆ. ಹೀರೋ ಆಗ್ಬಿಟ್ಟಿದಾನೆ ಕಣೇ ನಿನ್ ಗಂಡ!"

ಅವಳೂ ನಕ್ಕಳು. ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಗಂಡ ಗಾಜಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಈಚೆಗೆ ಅವನ ರೀತಿಯೇ ಬೇರೆಯಾಗಿತ್ತು. ಎಳೆಬಿಸಿಲಿಗೇ ಕನ್ನಡಕ ಏರಿಸಿಕೊಂಡು ಬಂದು, ಮುಖ ಕೊಟ್ಟು ಮಾತಾಡದೆ ಕೋಣೆ ಸೇರುತ್ತಿದ್ದ. ಸೊಂಟ ಸಣ್ಣಗಾಗಿ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಮದುವೆಯಾದಾಗಿನಿಂದ ಒಂದು ಮೊಳೆ ಹೊಡೆಯದವನು, ಬೆಳಕು ನುಸುಳದ ಹಾಗೆ ಕಿಟಕಿಗೆ ಕಂಬಳಿ ಜಡಿದಿದ್ದ.

ಅದಕ್ಕೇ ನಿನ್ನೆ ಅವಳು ಡಬ್ಬಿಯ ಅಡುಗೆಗೆ ಬೇಕೆಂದೇ ಉಪ್ಪು ಹಾಕಿರಲಿಲ್ಲ. ಪಕ್ಕದಲ್ಲಿ ಓದುತ್ತಿದ್ದ ಮಗಳು ಅದನ್ನು ನೋಡಿದ್ದಳು.

ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅವಳು ಕೋಣೆಗೆ ಹೋದಳು. ಅವನು ಬೂಟು ಬಿಚ್ಚುತ್ತಿದ್ದ.

"ಊಟ ಹೇಗಿತ್ತು ರೀ?"

"ಚೆನ್ನಾಗಿತ್ತು."

"ಉಪ್ಪು?"

"ಹದವಾಗಿತ್ತಲ್ಲ."

"ಉಪ್ಪೇ ಹಾಕಿರಲಿಲ್ಲ ನಾನು. ಯಾವಳು ತಿಂತಾಳೆ ಹೇಳಿ."

ಅವನು ಮೆಲ್ಲಗೆ ಕನ್ನಡಕ ತೆಗೆದ. "ಅವಳೂ ಇಲ್ಲ, ಇವಳೂ ಇಲ್ಲ ಕಣೇ. ಗೇಟು ಕಾಯೋ ತಾತ ತಿಂತಾನೆ. ತೊಳೆಯೋದೂ ಅವನೇ. ಪಾಪ, ಉಪ್ಪಿಲ್ಲ ಅಂತ ಒಂದ್ ಮಾತೂ ಅನ್ನಲಿಲ್ಲ ನೋಡು."

"ನಿಮಗೇನಾಗಿತ್ತು ತಿನ್ನೋಕೆ?"

"ಕಾರ್ಖಾನೆ ನರ್ಸಮ್ಮ ಬೇಡ ಅಂದ್ರು. ರಾತ್ರಿ ಹೊತ್ತು ಮೈಯೂ ಅಂಗಡಿ ಮುಚ್ಚಿರುತ್ತಂತೆ. ಆಗ ತಿಂದಿದ್ದು ಸಕ್ಕರೆಯಾಗಿ ರಕ್ತದಲ್ಲೇ ನಿಂತ್ಬಿಡುತ್ತಂತೆ. ಕತ್ತಲಾಗೋ ಮುಂಚೆನೇ ಉಂಡು ಬಾ, ಮನೆಗೆ ಹೋಗ್ತಾ ಬಿಸಿಲು ಕಣ್ಣಿಗೆ ಬೀಳಿಸ್ಕೋಬೇಡ, ಇಲ್ಲಾಂದ್ರೆ ಮೈ ಹಗಲು ಅಂದ್ಕೊಂಡು ನಿದ್ದೆ ಬರೋಕೆ ಬಿಡಲ್ಲ ಅಂದ್ರು."

"ಎಷ್ಟು ವಯಸ್ಸು ಆ ನರ್ಸಮ್ಮಂಗೆ?"

"ನಮ್ಮಮ್ಮನಷ್ಟು!" ಅವನು ನಕ್ಕೇಬಿಟ್ಟ.

ಅವಳಿಗೂ ನಗು ಬಂತು, ಈ ಸಲ ಹೊಟ್ಟೆಯಿಂದಲೇ. "ಇಷ್ಟೇನಾ? ಇದನ್ನ ಮೊದಲೇ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

ಅವನು ಹೊದಿಕೆ ಎಳೆದುಕೊಂಡು ಗೋಡೆ ಕಡೆ ಹೊರಳಿದ.

ಅರ್ಧ ಹೆಣೆದ ಜಡೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಅಪ್ಪನ ಬೆನ್ನನ್ನೇ ನೋಡುತ್ತ ಕೇಳಿದಳು:

"ಅಪ್ಪಾ, ನರ್ಸಮ್ಮ ಎಲ್ಲರಿಗೂ ಹಾಗೆ ಹೇಳಿದ್ರಾ, ನಿಂಗೊಬ್ಬನಿಗೇನಾ?"