ರಾಣಿ ಹಾರದ ಕಿಟಕಿ

ಗೆದ್ದೆ. ಫಲಕದ ಮುಂದೆ ನಿಂತ ಇತಿಹಾಸದ ಮೇಷ್ಟರಿಗೆ ಬೇರೆ ಪದವೇ ಹೊಳೆಯಲಿಲ್ಲ. ರಾಜಧಾನಿಯ ಅಂಚಿನ ಹಳೆಯ ಕೋಟೆಯಲ್ಲಿ ಹೊಸ ಹಿತ್ತಾಳೆ ಫಲಕ: 'ಈ ಗೋಪುರ ಧಾನ್ಯದ ಉಗ್ರಾಣವಾಗಿತ್ತು. ರಾಣಿಯೊಬ್ಬಳು ಇದರ ಕಿಟಕಿಯಿಂದ ಹಾರಿದಳೆಂಬುದಕ್ಕೆ ಆಧಾರವಿಲ್ಲ.' ಎರಡೂ ವಾಕ್ಯ ಅವರವೇ.

ಪುರಾತತ್ವ ಇಲಾಖೆಯ ಬಾಗಿಲು ತಟ್ಟಿ ತಟ್ಟಿ ಚಪ್ಪಲಿ ಸವೆಸಿದ್ದು ಸಾರ್ಥಕವಾಯಿತು. ಇಲ್ಲದ ಮೀಸೆಯನ್ನು ತಿರುವಿಕೊಳ್ಳಬೇಕೆನ್ನಿಸಿತು.

"ಓದಿದ್ಯಾ?" ಎಂದರು ಹೆಂಡತಿಗೆ.

"ಹೂಂ."

"ಏನನ್ಸುತ್ತೆ?"

"ಅಕ್ಷರ ಚೆನ್ನಾಗಿ ಕೆತ್ತಿದಾರೆ." ಅವಳು ಮರದ ಕೆಳಗಿನ ಬೆಂಚಿಗೆ ಹೋಗಿ ಕೂತಳು.

ಮದುವೆಯಾದ ಹೊಸತರಲ್ಲಿ ಇಲ್ಲೇ ನಿಂತು, ಶತ್ರುವಿನ ಕೈಗೆ ಸಿಗದೆ ಹಾರಿದ ರಾಣಿಯ ಕಥೆ ಕೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಎಂದೂ ಇಲ್ಲದಿದ್ದವಳಿಗಾಗಿ. ಮೇಷ್ಟರಿಗಾಗಿ ಅವಳು ಅತ್ತದ್ದಿಲ್ಲ, ಅವರು ಸಾವಿನ ದವಡೆಯಿಂದ ಪಾರಾಗಿ ಆಸ್ಪತ್ರೆಯಿಂದ ಮನೆಗೆ ಬಂದಾಗಲೂ. ಅಂದಿನ ಹೊಟ್ಟೆಕಿಚ್ಚೇ ಮುಂದೆ ಸಂಶೋಧನೆಯಾಯಿತೆಂದು ಅವರು ಪ್ರಬಂಧದಲ್ಲಿ ಬರೆದಿರಲಿಲ್ಲ.

ಕೋಟೆಯ ಗೈಡ್ ಹತ್ತಿರ ಬಂದ. "ಹೊಟ್ಟೆ ಮೇಲೆ ಹೊಡೆದ್ರಲ್ಲ ಸರ್."

"ಸತ್ಯ ಹೇಳಿದೆ ಅಷ್ಟೆ."

"ಹೇಳಿ, ಬೇಡ ಅಂದೋರ್ಯಾರು. ಗೋದಾಮು ನೋಡೋಕೆ ಯಾರು ಬರ್ತಾರೆ ಅಂತ."

ಅದೂ ನಿಜವೇ. ಬಂದವರು ಫಲಕ ಓದಿ, 'ಇಷ್ಟೇನಾ' ಎಂದು, ಪಕ್ಕದ ಉದ್ಯಾನದ ದೋಣಿ ಸವಾರಿಗೆ ಹೊರಡುತ್ತಿದ್ದರು. ಗೋಪುರದೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟರು ಹತ್ತಿದರು. ಏದುಸಿರಿನಲ್ಲೂ ಬೀಗುತ್ತ, ಗೆದ್ದುಕೊಂಡ ಕೋಟೆಯನ್ನು ಹತ್ತುವವರಂತೆ ಹತ್ತಿದರು.

ಕಿಟಕಿಯ ಕಟ್ಟೆ ಏರಿ ನಿಂತಾಗ ಇಡೀ ರಾಜಧಾನಿ ಕಾಲ ಕೆಳಗಿತ್ತು. ಬೆನ್ನ ಹಿಂದಿನ ಕತ್ತಲೆಯೂ ತಮ್ಮದೇ, ಅಲ್ಲಿ ಪಾಲು ಕೇಳಲು ಯಾವ ರಾಣಿಯೂ ಉಳಿದಿರಲಿಲ್ಲ.

ಕೆಳಗೆ ಯಾರೋ ಬೆರಳು ತೋರಿಸಿದರು. ಹೊರಟವರು ನಿಂತರು, ತಿರುಗಿ ಬಂದರು. ಫೋನುಗಳು ಮೇಲೆದ್ದವು. ಗೈಡ್ ಗುಂಪಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಏನೋ ಹೇಳತೊಡಗಿದ. ಹೆಂಡತಿ ಬೆಂಚಿನಿಂದ ಎದ್ದಿದ್ದಳು. ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಅವಳ ಹೆಗಲು ಕುಲುಕುತ್ತಿದ್ದುದು ಅಷ್ಟು ಎತ್ತರಕ್ಕೂ ಕಾಣಿಸಿತು. ಅಳುತ್ತಿದ್ದಳು, ಕೊನೆಗೂ.

ಅಂಥ ಸಂತೋಷ ಮೇಷ್ಟರಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಎರಡೂ ಕೈ ಮೇಲೆತ್ತಿದರು.

ಕೆಳಗೆ ಜನ ಹಿಂದೆ ಸರಿದು, ಕಿಟಕಿಯ ನೇರಕ್ಕೆ ಜಾಗ ಬಿಟ್ಟರು.