ಖಾಲಿ ಜಾಗ

ಹಾಸಿಗೆಯಣ್ಣನ ಮನೆಯ ತಾಪತ್ರಯ ಆ ಬೀದಿಯ ಎಲ್ಲರ ತಾಪತ್ರಯವೇ: ತೇವ. ಹಿಂಬದಿಯ ಕೋಣೆಯ ಗೋಡೆ ಮಂಡಿಯೆತ್ತರದವರೆಗೆ ಯಾವಾಗಲೂ ಕಪ್ಪಗಿರುತ್ತಿತ್ತು. ಸುಣ್ಣ ಬಳಿದರೆ ಹೊಪ್ಪಳೆಯೆದ್ದು ಉದುರುತ್ತಿತ್ತು. ಹಾಸಿಗೆ ಹೊಲಿದು ಬದುಕುವವನಿಗೆ ತೇವವೆಂದರೆ ಸಾಮಾನ್ಯ ಶತ್ರುವಲ್ಲ. ಅರಳೆ ಒಣಗದಿದ್ದರೆ ಹಿಂಜಲು ಬರುವುದಿಲ್ಲ, ಹಿಂಜದೆ ತುಂಬಿದರೆ ಹಾಸಿಗೆ ಗಂಟುಗಂಟಾಗುತ್ತದೆ, ಮಲಗಿದವರು ಬೆಳಗ್ಗೆ ಎದ್ದು ಹೊಲಿದವನನ್ನು ಬೈಯುತ್ತಾರೆ.

ಆ ಕೋಣೆಯಲ್ಲೇ ಅವನ ತಾಯಿ ಮಲಗುತ್ತಿದ್ದಳು. ಮಂಡಿ ಹಿಡಿದುಹೋದ ಮೇಲೆ ಅವಳ ಪ್ರಪಂಚ ಆ ಕೋಣೆ, ಅದರ ಕಿಟಕಿ, ಮಗ ದುಪ್ಪಟ್ಟು ಅರಳೆ ತುಂಬಿ ಹೊಲಿದುಕೊಟ್ಟ ಹಾಸಿಗೆ, ಇಷ್ಟೇ. "ಕಾಲು ಇಡೀ ರಾತ್ರಿ ನೀರಲ್ಲಿಟ್ಟ ಹಾಗಿರುತ್ತೆ ಕಣೋ," ಎನ್ನುತ್ತಿದ್ದಳು. ದೂರುವ ದನಿಯಲ್ಲಲ್ಲ. ಮಗ ಅವಳ ಕಾಲಿನ ಮೇಲೆ ಇನ್ನೊಂದು ಕಂಬಳಿ ಹೊದಿಸುತ್ತಿದ್ದ.

ಕಿಟಕಿಯ ಆಚೆ ಹಿತ್ತಲು. ಹಿತ್ತಲಿನ ಆಚೆ ಆಳೆತ್ತರದ ಜೊಂಡು. ಜೊಂಡಿನ ಆಚೆ ಹೊಳೆ. ಬೇಸಿಗೆಯಲ್ಲಿ ಅದು ಹಾರಿ ದಾಟಬಹುದಾದಷ್ಟು ಸಣ್ಣ ಕರಿ ನೀರು. ಊರಿನ ಕೊಳಚೆಯೆಲ್ಲ ಅದರಲ್ಲೇ. ಮಳೆ ಬಂದಾಗ ಮಾತ್ರ ಹೊಳೆ ತಾನು ಹೊಳೆಯೆಂಬುದನ್ನು ನೆನಪಿಸಿಕೊಂಡು ಜೊಂಡಿನವರೆಗೂ ಬಂದು, ಕೆಲವು ದಿನ ಅಲ್ಲೇ ಮೈಚೆಲ್ಲಿ, ಮೆಲ್ಲಗೆ ವಾಪಸು ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಅಲ್ಲಿ ಜೊಂಡು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅದಕ್ಕೇ ಬೀದಿಯವರು ಅದಕ್ಕೆ ಇಟ್ಟ ಹೆಸರು: ಖಾಲಿ ಜಾಗ.

ಖಾಲಿ ಜಾಗ ಕಂಡರೆ ಸುಮ್ಮನಿರಲು ಆಗುತ್ತದೆಯೇ? ಒಬ್ಬರು ಮಣ್ಣು ಸುರಿದು ಕೋಳಿಗೂಡು ಕಟ್ಟಿದರು. ಇನ್ನೊಬ್ಬರು ಕೆಡವಿದ ಮನೆಯ ಇಟ್ಟಿಗೆ ಚೂರು ತುಂಬಿಸಿ ಬಾಡಿಗೆಗೆ ಶೆಡ್ಡು ಎತ್ತಿದರು. ಪಕ್ಕದ ಗ್ಯಾರೇಜಿನವನು ತನ್ನ ಪಾಲಿನ ಜೊಂಡು ಸವರಿ, ಗಟ್ಟಿ ನೆಲ ಮಾಡಿ, ಓಡದ ಕಾರುಗಳನ್ನು ಸಾಲಾಗಿ ನಿಲ್ಲಿಸಿದ. ಹಾಸಿಗೆಯಣ್ಣನ ಹಿಂದಿನ ಜೊಂಡು ಮಾತ್ರ ಬೊಚ್ಚು ಬಾಯಲ್ಲಿ ಉಳಿದ ಒಂಟಿ ಹಲ್ಲಿನಂತೆ ನಿಂತಿತ್ತು. ಅವನು ಹೊಳೆಯ ಮೇಲಿನ ಪ್ರೀತಿಯಿಂದ ಬಿಟ್ಟದ್ದೇನಲ್ಲ, ಪುರುಸೊತ್ತು ಆಗಿರಲಿಲ್ಲ.

"ಏನಣ್ಣಾ, ಕಪ್ಪೆ ಸಾಕ್ತಾ ಇದ್ದೀಯಾ?" ಎಂದು ಗ್ಯಾರೇಜಿನವನು ಗೋಡೆಯ ಮೇಲಿಂದ ಕೇಳುತ್ತಿದ್ದ. ಕೇಳಿ ಕೇಳಿ ಅದು ಬೀದಿಯ ಜೋಕಾಯಿತು.

ಆ ವರ್ಷ ಹಾಸಿಗೆಯಣ್ಣ ಮನಸ್ಸು ಗಟ್ಟಿಮಾಡಿದ. ಜೊಂಡು ಕಡಿಸಿ, ಲಾರಿಯಲ್ಲಿ ಮಣ್ಣು ತರಿಸಿ, ಹೊಳೆಯ ಕಡೆಗೆ ಕಲ್ಲಿನ ಗೋಡೆ ಎತ್ತಿಸುವುದು. ಅಲ್ಲಿ ಅಮ್ಮನಿಗೆ ಒಂದು ಒಣ ಕೋಣೆ, ಅದರ ಪಕ್ಕ ಅರಳೆ ಹರಡಲು ಬಿಸಿಲು ಬೀಳುವ ಕಟ್ಟೆ. ಹೆಂಡತಿಗೆ ಹೇಳಿದಾಗ ಅವಳ ಕಣ್ಣೂ ಅರಳಿತು.

ಅಡ್ಡಗಾಲು ಹಾಕಿದವಳು ತಂಗಿ. ಅವಳು ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ಡ್ರಮ್ಮಿನ ನೀರಲ್ಲಿ ಸೊಳ್ಳೆಮರಿ ಇದೆಯೇ ಎಂದು ಟಾರ್ಚು ಬಿಟ್ಟು ನೋಡುವವಳು, ಮಕ್ಕಳಿಗೆ ಲಸಿಕೆ ಹಾಕಿಸುವವಳು. ಅಣ್ಣನ ಬಾಯಲ್ಲಿ ಅವಳ ಹೆಸರು ಸೂಜಿ. ತನ್ನ ಕೈಯಲ್ಲೂ ದಬ್ಬಳ ಇರುತ್ತದೆ, ಆದರೆ ಅದು ಬಟ್ಟೆಯನ್ನಷ್ಟೇ ಚುಚ್ಚುತ್ತದೆ, ಇವಳ ಸೂಜಿ ಬಾಯಲ್ಲೇ ಇದೆ ಎಂದು ಅವನ ತಕರಾರು. ಅವಳ ಮನೆ ಇದ್ದದ್ದು ಹೊಳೆ ತಿರುವು ತೆಗೆದುಕೊಳ್ಳುವ ಕೆಳಬೀದಿಯಲ್ಲಿ.

ಸುದ್ದಿ ಕೇಳಿದ ಭಾನುವಾರ ಅವಳು ಬಂದು ಚಹಾದ ಲೋಟ ಹಿಡಿದು ಹಿತ್ತಲಲ್ಲಿ ನಿಂತಳು.

"ಅದು ಖಾಲಿ ಜಾಗ ಅಲ್ಲ ಅಣ್ಣ. ನೀರಿನ ಜಾಗ. ನೀರು ಹೊರಗೆ ಹೋಗಿದೆ, ಅಷ್ಟೆ."

"ಹೋದದ್ದು ಹೋಯ್ತಲ್ಲ. ಮತ್ತೆ ಯಾಕೆ ಕಾದುಕೊಂಡು ಕೂರಲಿ?"

"ಅಮ್ಮ ಆಸ್ಪತ್ರೇಲಿದ್ದಾಗ ಅಮ್ಮನ ಹಾಸಿಗೆ ಖಾಲಿ ಇತ್ತು. ಯಾರಿಗಾದ್ರೂ ಕೊಟ್ಟುಬಿಟ್ಯಾ?"

ಅವನಿಗೆ ಸಿಟ್ಟು ಬಂತು. ಎಲ್ಲದಕ್ಕೂ ಅಮ್ಮನನ್ನು ಎಳೆದು ತರಬೇಡ, ಇದನ್ನು ಮಾಡುತ್ತಿರುವುದೇ ಅಮ್ಮನಿಗಾಗಿ ಎಂದ. ಇಡೀ ಬೀದಿಯೇ ತುಂಬಿಸಿದೆ, ತಾನೊಬ್ಬ ಬಿಟ್ಟರೆ ಹೊಳೆ ಬಂದು ಹಾರ ಹಾಕುತ್ತದೆಯೇ ಎಂದ. ಇಡೀ ಬೀದಿ ತುಂಬಿಸಿದೆ ಎಂಬುದಕ್ಕೇ ಹೇಳುತ್ತಿದ್ದೇನೆ ಎಂದಳು ಅವಳು. ಈಗಿನ ಮಳೆ ಮುಂಚಿನ ಹಾಗಿಲ್ಲ, ತಿಂಗಳಿಡೀ ಬರಬೇಕಾದದ್ದು ಒಂದೇ ಮಧ್ಯಾಹ್ನ ಸುರಿದುಬಿಡುತ್ತದೆ. ಅಷ್ಟು ನೀರು ಬಂದಾಗ ಹೊಳೆಗೆ ಕೈಕಾಲು ಚಾಚಲು ಜಾಗ ಬೇಕು. ಜೊಂಡು, ಜೌಗು ಇರುವುದು ಅದಕ್ಕೇ: ನೀರನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುವುದಕ್ಕೆ, ಒಂದಿಷ್ಟು ನೆಲದೊಳಗೆ ಇಳಿಸುವುದಕ್ಕೆ, ಕೊಳೆಯನ್ನು ಸ್ವಲ್ಪ ಸೋಸುವುದಕ್ಕೆ.

ಅವನ ಮುಖದಲ್ಲಿ ಏನೂ ಕಾಣಿಸದಾಗ ಅವಳು ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು ಬಾಗಿಲ ಬಳಿಯ ಅರಳೆ ಗುಡ್ಡೆಯ ಮೇಲೆ ಸುರಿದಳು. ಅರಳೆ ಕುಡಿಯಿತು; ನೆಲದ ಮೇಲೆ ಒಂದು ಹನಿ ಹರಿಯಲಿಲ್ಲ. ಇನ್ನೊಂದು ಚೊಂಬು ಕಲ್ಲುಚಪ್ಪಡಿಯ ಮೇಲೆ ಸುರಿದಳು. ನೀರು ಸರ್ರನೆ ಓಡಿ ಅಣ್ಣನ ಕಾಲು ನೆನೆಸಿತು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಒಳ್ಳೇ ಅರಳೆ ಹಾಳು ಮಾಡಿದೆಯಲ್ಲೇ," ಎಂದ ಹಾಸಿಗೆಯಣ್ಣ.

ತಂಗಿ ನಗಲಿಲ್ಲ. ಅಮ್ಮನ ತೇವಕ್ಕೆ ಬೇರೆ ದಾರಿ ಇದೆ ಎಂದಳು. ಮುಂದಿನ ಕೋಣೆ ಒಣಗಿದೆ, ಅಮ್ಮನನ್ನು ಅಲ್ಲಿಗೆ ತರಬಹುದು; ಅರಳೆಯನ್ನು ಮಹಡಿಗೆ ಸಾಗಿಸಬಹುದು. ಮಾತು ಸರಿಯೇ. ಆದರೆ ಮುಂದಿನ ಕೋಣೆಯೇ ಅವನ ಅಂಗಡಿ. ಬೀದಿಗೆ ಕಾಣುವಂತೆ ಹೊಸ ಹಾಸಿಗೆಗಳನ್ನು ಒಂದರ ಮೇಲೊಂದು ಒಟ್ಟಿ ಮಧ್ಯದಲ್ಲಿ ಅವನು ಕೂರುವ ಜಾಗ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಹಾಗೆಂದು ಹೇಳಲೂ ಬಾಯಿ ಬರಲಿಲ್ಲ. ನೋಡೋಣ ಎಂದ.

ಮರುವಾರವೇ ಲಾರಿಗಳು ಬಂದವು.

ಜೊಂಡು ಒಂದೇ ದಿನಕ್ಕೆ ಮುಗಿಯಿತು. ಕೆಡವಿದ ಯಾರದೋ ಮನೆಯ ಇಟ್ಟಿಗೆ, ಒಡೆದ ಬಚ್ಚಲಿನ ಬಿಲ್ಲೆ, ಬಾಗಿಲಿನ ಚೌಕಟ್ಟು ಎಲ್ಲ ಅಲ್ಲಿ ಬಿದ್ದು, ಮೇಲೆ ಕೆಂಪು ಮಣ್ಣು ಮುಚ್ಚಿತು. ಗೋಡೆ ಎದ್ದಿತು, ಕೋಣೆ ಎದ್ದಿತು. ಗ್ಯಾರೇಜಿನವನು ಬಂದು ನೆಲ ತುಳಿದು ನೋಡಿ, ಈಗ ನೀನು ನಮ್ಮವನಾದೆ ಎಂದು ಬೆನ್ನು ತಟ್ಟಿದ. ಜೊಂಡು ಹೋದ ಮೇಲೆ ಸಂಜೆ ಹೊತ್ತು ಕಿಟಕಿಯಿಂದ ಬರುತ್ತಿದ್ದ ತಂಪು ಗಾಳಿ ನಿಂತಿತೆಂದು ಹೆಂಡತಿ ಎರಡು ಮೂರು ಸಲ ಹೇಳಿದಳು. ಫ್ಯಾನು ಹಾಕಿಕೊಂಡರಾಯಿತು ಎಂದ.

ಹೊಸ ನೆಲ ಒಣಗುವವರೆಗೆ ಸಿಮೆಂಟಿನ ಧೂಳಿನಲ್ಲಿ ಅಮ್ಮ ಕೆಮ್ಮುವುದು ಬೇಡವೆಂದು ಅವಳನ್ನು ತಂಗಿಯ ಮನೆಗೆ ಬಿಟ್ಟುಬಂದರು. ಅಮ್ಮ ತನ್ನ ಹಾಸಿಗೆ ಬಿಟ್ಟು ಹೊರಡಲು ಒಪ್ಪಲಿಲ್ಲ. ಅದನ್ನೂ ಸುತ್ತಿ, ಆಟೋದ ತಲೆಯ ಮೇಲೆ ಕಟ್ಟಿ ಕಳಿಸಿದರು.

ಮಳೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಆಕಾಶದಿಂದ ಬೀಳುತ್ತಿಲ್ಲ, ಯಾರೋ ಸುರಿಯುತ್ತಿದ್ದಾರೆ ಎನ್ನಿಸುವಂಥ ಮಳೆ. ಹಾಸಿಗೆಯಣ್ಣ ಹೊಸ ಕೋಣೆಗೆ ಓಡಿದ. ಗೋಡೆಯ ಆಚೆ ಹೊಳೆ ಏರುತ್ತಿತ್ತು. ಏರಿ, ಅವನ ಕಲ್ಲಿಗೆ ಮೈ ಉಜ್ಜಿ, ಒಳಗೆ ಬರಲು ಸಂದಿ ಸಿಗದೆ, ಮುಂದಕ್ಕೆ ಓಡುತ್ತಿತ್ತು. ಅಷ್ಟು ಜೋರಾಗಿ ಅದು ಓಡಿದ್ದನ್ನು ಅವನು ಎಂದೂ ನೋಡಿರಲಿಲ್ಲ. ಬಗ್ಗಿ ನೆಲದ ಮೇಲೆ ಅಂಗೈ ಇಟ್ಟ. ಒಣ ನೆಲ. ಹೆಂಡತಿಯನ್ನು ಕರೆದು ಅವಳ ಕೈಯನ್ನೂ ಇಡಿಸಿದ. ಪಕ್ಕದ ಗೋಡೆಯ ಮೇಲಿಂದ ಗ್ಯಾರೇಜಿನವನು ಹೆಬ್ಬೆರಳು ಎತ್ತಿ ತೋರಿಸಿದ.

ಆಗ ಅವನಿಗೆ ತಂಗಿ ನೆನಪಾದಳು. ಗೆದ್ದವನ ಖುಷಿ ಹೇಳಿಕೊಳ್ಳದೆ ಇರಲು ಬಿಡುವುದಿಲ್ಲ. ಫೋನು ಮಾಡಿದ. ಬಹಳ ಹೊತ್ತು ರಿಂಗಾಗಿ ಅವಳು ಎತ್ತಿದಳು.

"ಏನಮ್ಮಾ ಸೂಜಿ, ಒಂದು ಹನಿ ಒಳಗೆ ಬಂದಿಲ್ಲ. ನೋಡೋಕೆ ಬರ್ತೀಯಾ?" ಎಂದ.

ಆ ಕಡೆ ಪಾತ್ರೆಗಳು ಒಂದಕ್ಕೊಂದು ತಾಕುವ ಸದ್ದು. ಯಾರೋ ಕೂಗುತ್ತಿದ್ದರು.

"ಅಣ್ಣಾ," ಎಂದಳು, "ಅಮ್ಮನ್ನ ಎತ್ತೋಕೆ ಆಗ್ತಿಲ್ಲ. ಹಾಸಿಗೆ ನೆನೆದುಬಿಟ್ಟಿದೆ."

ಅವನು ಓಡಿದ. ಕೆಳಬೀದಿಯ ಬಾಯಲ್ಲಿ ನೀರು ಮಂಡಿಗಿತ್ತು, ತಂಗಿಯ ಮನೆಯ ಮುಂದೆ ಸೊಂಟಕ್ಕಿತ್ತು. ಗೋಣಿಚೀಲ, ಚಪ್ಪಲಿ, ಯಾವುದೋ ಕೋಳಿಗೂಡಿನ ಹಲಗೆ ಎಲ್ಲ ತೇಲುತ್ತಿದ್ದವು. ಒಳಗೆ ಮಂಚ ಮುಳುಗಿತ್ತು. ತಂಗಿ ತಾಯಿಯ ತಲೆಯನ್ನು ಎದೆಗೊತ್ತಿ ಹಿಡಿದು, ಹಾಸಿಗೆಸಮೇತ ಎತ್ತಿ ಮೆಟ್ಟಿಲಿಗೆ ಸಾಗಿಸಲು ನೋಡುತ್ತಿದ್ದಳು; ಬರಿಗೈಯಲ್ಲಿ ಎತ್ತಲು ಹೋದರೆ ಅಮ್ಮ ಮಂಡಿಯ ನೋವಿಗೆ ಚೀರಿ ಹಾಸಿಗೆಯನ್ನೇ ಹಿಡಿದುಕೊಳ್ಳುತ್ತಿದ್ದಳು. ಹಾಸಿಗೆಯಣ್ಣ ಒಂದು ಅಂಚು ಹಿಡಿದು ಎಳೆದ. ಅದು ಅಲುಗಲಿಲ್ಲ. ದುಪ್ಪಟ್ಟು ಅರಳೆ ತುಂಬಿದವನು ಅವನೇ. ಅದು ಎಷ್ಟು ನೀರು ಕುಡಿಯಬಲ್ಲದು ಎಂದು ಆ ಊರಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕೊನೆಗೆ ಪಕ್ಕದ ಮನೆಯವರು ಬಾಗಿಲ ಹಲಗೆ ಕಿತ್ತು ತಂದರು. ಅಮ್ಮನನ್ನು ಅದರ ಮೇಲೆ ಮಲಗಿಸಿ ಮಹಡಿಗೆ ಸಾಗಿಸಿದರು. ಹಾಸಿಗೆ ಕೆಳಗೇ ಉಳಿಯಿತು.

ಆಸ್ಪತ್ರೆಯಲ್ಲಿ ಅಮ್ಮ ಕಾಲು ಚಾಚಲಿಲ್ಲ. ಹಿಡಿದುಹೋಗಿದ್ದ ಮಂಡಿಗಳನ್ನು ಅದು ಹೇಗೋ ಹೊಟ್ಟೆಯ ಕಡೆಗೆ ಎಳೆದುಕೊಂಡು ಮಲಗಿದಳು. ಮಂಚದ ಬಳಿ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು.

"ನೀರು ಇಳೀತಾ ಮಗಾ?"

"ಇಳೀತಮ್ಮ. ಕಾಲು ಚಾಚು."

ಅವಳು ಮಗನ ಮುಖ ನೋಡಿದಳು. ನಂಬಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಮುದುಡಿಕೊಂಡೇ ಹೋಗಿಬಿಟ್ಟಳು.

ಆ ದಿನಗಳಲ್ಲೆಲ್ಲ ಹಾಸಿಗೆಯಣ್ಣ ತಂಗಿಯ ಒಂದು ಮಾತಿಗಾಗಿ ಕಾದ. ಅವಳು ಚುಚ್ಚಲಿ, ಬೈದಾದರೂ ಬಿಡಲಿ ಎಂದುಕೊಂಡ. ಅವಳು ಚುಚ್ಚಲಿಲ್ಲ. ಎಲ್ಲ ಮುಗಿದ ಮೇಲೆ, ಕೆಸರು ಮೆತ್ತಿದ ತನ್ನ ಹೊಸ್ತಿಲಲ್ಲಿ ಕೂತು, ಸುಸ್ತಾದ ದನಿಯಲ್ಲಿ ಹೇಳಿದಳು: "ನಿನ್ನೊಬ್ಬನ ನೀರಲ್ಲ ಅಣ್ಣ ಅದು. ಇಡೀ ಬೀದಿಯದು. ನಿನ್ನದು ಕೊನೇದು, ಅಷ್ಟೆ." ಸಮಾಧಾನಕ್ಕೆಂದು ಹೇಳಿದಳೋ ಏನೋ. ಅವನಿಗೆ ಅದರಲ್ಲಿ ಸಮಾಧಾನ ಸಿಗಲಿಲ್ಲ.

ಹೊಸ ಕೋಣೆಯಲ್ಲಿ ಹೊಸ ಮಂಚ, ಹೊಸ ಹಾಸಿಗೆ. ಗೋಡೆಯಲ್ಲಿ ಒಂದು ಕಲೆ ಇಲ್ಲ. ಸ್ವಲ್ಪ ದಿನ ಬಿಟ್ಟು ಗ್ಯಾರೇಜಿನವನು ಬಂದ. ತಾಯಿಯ ಬಗ್ಗೆ ಎರಡು ಮಾತಾಡಿ, ತಲೆ ಕೆರೆದುಕೊಂಡು, ವಿಷಯಕ್ಕೆ ಬಂದ.

"ರೂಮು ಖಾಲಿ ಬಿದ್ದಿದೆಯಲ್ಲ ಅಣ್ಣಾ. ಟೈರು ಇಟ್ಕೊಳ್ಳಲಾ?"

"ಖಾಲಿ ಇಲ್ಲ," ಎಂದ ಹಾಸಿಗೆಯಣ್ಣ.

ಮರುದಿನ ಬೆಳಗ್ಗೆ ಅವನು ಸುತ್ತಿಗೆ ಹಿಡಿದು ಹೊಸ ಕೋಣೆಯ ಗೋಡೆಗೆ ಹೊಡೆಯತೊಡಗಿದ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು ಬೀದಿಯವರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ. ಒಳಗೆ ಹೋಗಿ ಬುಟ್ಟಿ ತಂದಳು. ಅಂಗಡಿ ಸಾಮಾನು ಅರ್ಧಕ್ಕರ್ಧ ಮಹಡಿಗೆ ಹೋಯಿತು. ಮುಂದಿನ ಕೋಣೆಯಲ್ಲಿ ಅಮ್ಮನಿಗೆ ಬೇಕಾದಷ್ಟು ಜಾಗ ಇತ್ತು. ಈಗ ಕಾಣಿಸಿತು. ಕೋಣೆ, ಕಲ್ಲಿನ ಗೋಡೆ ಒಡೆದು, ತುಂಬಿಸಿದ್ದ ಮಣ್ಣನ್ನೂ ಅಗೆದು ತೆಗೆದರು. ಆ ಇಟ್ಟಿಗೆ, ಮಣ್ಣನ್ನು ಅವರು ಮತ್ತೊಬ್ಬರ ದಂಡೆಗೆ ಸುರಿಯಲಿಲ್ಲ. ನಗರಸಭೆಗೆ ಅಲೆದು, ಕಟ್ಟಡದ ಕಸ ಹಾಕಲೆಂದೇ ಗೊತ್ತು ಮಾಡಿದ ಜಾಗ ಕೇಳಿ, ಅಲ್ಲಿಗೇ ಸಾಗಿಸಿದರು. ಒಡೆಯುವುದು ಕಟ್ಟಿಸಿದ್ದಕ್ಕಿಂತ ಎಷ್ಟೋ ಪಾಲು ಕಷ್ಟವಾಯಿತು.

ಇನ್ನೊಂದು ಮಳೆ ಬಂತು. ನೀರು ಅಗೆದ ಜಾಗಕ್ಕೆ ಬಂದು ನಿಂತಿತು. ಬೇರಿನ ಚೂರು ಎಲ್ಲೋ ಉಳಿದಿತ್ತೇನೋ, ಜೊಂಡು ಬೆರಳುದ್ದ ತಲೆಯೆತ್ತಿತು. ಆದರೆ ಆ ಮಳೆಗೂ ಕೆಳಬೀದಿ ಮುಳುಗಿತು. ಇಡೀ ದಂಡೆಯಲ್ಲಿ ಒಂದು ಹಿತ್ತಲು ಎಷ್ಟು ಕುಡಿದೀತು?

ಈಗ ಅಣ್ಣ ತಂಗಿ ಇಬ್ಬರೂ ಮನೆಮನೆಗೆ ಹೋಗುತ್ತಾರೆ. ಜನ ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ಅಮ್ಮನ ಸುದ್ದಿಗೆ ಲೊಚಗುಟ್ಟುತ್ತಾರೆ, ನೀವು ಹೇಳೋದು ಸರಿ ಎನ್ನುತ್ತಾರೆ. ಕೋಳಿಗೂಡು ಅಲ್ಲೇ ಇದೆ. ಕಾರುಗಳು ಅಲ್ಲೇ ಇವೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಒಮ್ಮೆ ಎದ್ದು ನಿಮ್ಮ ಹಿಂಬಾಗಿಲಿಗೆ ಹೋಗಿ ನಿಂತು ನೋಡಿ. ಆಚೆ ಹೊಳೆಯಿದ್ದರೆ, ಹಳ್ಳವಿದ್ದರೆ, ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ತಗ್ಗಿದ್ದರೆ, ಅದರೊಳಗೆ ಒಂದು ಬುಟ್ಟಿ ಮಣ್ಣನ್ನೂ ಸುರಿಯಬೇಡಿ, ಸುರಿಯುವವರನ್ನು ಕಂಡು ಸುಮ್ಮನೆ ಒಳಗೆ ಬರಬೇಡಿ. ತುಂಬಿಸಿದ್ದರೆ ನೆರೆಯವರೆಲ್ಲ ಕೂತು ಮಾತಾಡಿ, ಎಷ್ಟು ತೆಗೆಯಲಾಗುತ್ತದೋ ಅಷ್ಟು ತೆಗೆಯಿರಿ. ಒಬ್ಬರಿಂದ ಆಗದ ಕೆಲಸ ಇದು. ಹಾಸಿಗೆಯಣ್ಣ ಒಬ್ಬನೇ ಮಾಡಿ ನೋಡಿದ್ದಾನೆ. ಕೊಳಚೆ ಹೊಳೆಗೆ ಸೇರದಂತೆ ಮಾಡಿ ಎಂದು ನಗರಸಭೆಯನ್ನು ಒಟ್ಟಾಗಿ ಕೇಳಿ, ಕೇಳುತ್ತಲೇ ಇರಿ. ನಿಮ್ಮ ದಂಡೆ ಹಿಡಿದಿಟ್ಟುಕೊಳ್ಳದ ನೀರು ಕೆಳಗಿನ ಯಾರದೋ ತಾಯಿಯ ಕಾಲ ಬಳಿಗೆ ಹೋಗುತ್ತದೆ.

ಯಾರಾದರೂ ಬಂದು, ಖಾಲಿ ಬಿದ್ದಿದೆಯಲ್ಲ ಎಂದರೆ, ಖಾಲಿ ಇಲ್ಲ ಎನ್ನಿ. ಹಾಸಿಗೆಯಣ್ಣ ಅದನ್ನು ಹೇಳುವ ಹೊತ್ತಿಗೆ ತಡವಾಗಿತ್ತು.